ಮೊದಲೇ ಹೇಳಿದರೆ ಒಂದು ಷರಾ

ನಾನು ಆಪ್ತಸಲಹೆಗಾರ್ತಿ. ಈ ಪ್ರಕರಣ ಬರೆಯಲೋ ಬೇಡವೋ ಅಂತ ಒಂದು ವರ್ಷದಿಂದ ಸುಮ್ಮನಿದ್ದೆ. ಹೋದ ತಿಂಗಳು ಇನ್ನೊಂದು ಮನೆಯವರು ಅದೇ ಮಾತು ಹಿಡಿದು ಬಂದರು. "ಮಗಳ ಮದುವೆ ಒಂದು ಆಗಿಬಿಡಲಿ ಮೇಡಂ. ಅಲ್ಲೀವರೆಗೆ ಇವರಿಗೆ ಕಾಯಿಲೆ ಅಂತ ಯಾರಿಗೂ ಗೊತ್ತಾಗೋದು ಬೇಡ." ಈ ಮಾತು ಕೇಳಿದ್ದು ಆರನೇ ಸಲವೋ ಏಳನೇ ಸಲವೋ. ಮಗಳ ಬದಲು ಮಗ ಇರಬಹುದು, ಮದುವೆ ಬದಲು ಅಂಗಡಿ ವ್ಯಾಪಾರ ಇರಬಹುದು. ಕಾಯಿಲೆ ಮಾತ್ರ ಪ್ರತಿ ಸಲವೂ ಪಾರ್ಕಿನ್ಸನ್, ಕೈ ನಡುಗಿಸಿ ಚಲನೆ ನಿಧಾನ ಮಾಡುವ ಮಿದುಳಿನ ಕಾಯಿಲೆ.

ಊರು, ವಯಸ್ಸು, ಮನೆಮಂದಿಯ ವಿವರ ಬದಲಿಸಿದ್ದೇನೆ. ಈ ಪ್ರಕರಣದ ಹಿರಿಯರ ಕೆಲಸ ಮಾತ್ರ ಬದಲಿಸಲು ಆಗಲಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಬರೆದದ್ದನ್ನು ಮೊದಲು ಅವರಿಗೇ ಕೊಟ್ಟೆ. ಓದಿ ಒಪ್ಪಿಕೊಂಡರು. ಎರಡು ಕಡೆ ಕಾಗುಣಿತವನ್ನೂ ತಿದ್ದಿದರು.

ಅವರು ಮಲೆನಾಡಿನ ಒಂದು ಸಹಕಾರ ಸಂಘದಲ್ಲಿ 31 ವರ್ಷ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಊರಲ್ಲಿ ಈಗಲೂ ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ಅವರು 'ಸೆಕ್ರೆಟರಿ'. ನನ್ನ ಹತ್ತಿರ ಮೊದಲು ಬಂದವರು ಅವರ ಹೆಂಡತಿ, ನಿದ್ದೆ ಬರುತ್ತಿಲ್ಲ ಅಂತ. ವಿಚಾರಿಸಿದರೆ, ಗಂಡ ರಾತ್ರಿ ಕನಸಿನಲ್ಲಿ ಯಾರ ಜೊತೆಗೋ ಜಗಳಕ್ಕೆ ಬೀಳುತ್ತಾರೆ, ಕೂಗುತ್ತಾರೆ, ಒದೆಯುತ್ತಾರೆ. ಎರಡು ವರ್ಷದಿಂದ ಆಕೆ ಮಂಚ ಬಿಟ್ಟು ಕೆಳಗೆ ಹಾಸಿಕೊಂಡು ಮಲಗುತ್ತಿದ್ದರು. ಇದೂ ಈ ಕಾಯಿಲೆಯ ಒಂದು ಲಕ್ಷಣ, ಕೆಲವರಲ್ಲಿ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಶುರುವಾಗುತ್ತದೆ ಅಂದಾಗ ಆಕೆ ನನ್ನ ಮುಖವನ್ನೇ ನೋಡಿದರು. "ಹಾಗಾದ್ರೆ ಅದು ನನ್ನ ಮೇಲಿನ ಸಿಟ್ಟಲ್ವಾ?"

ಕಾಯಿಲೆ ಪತ್ತೆಯಾದ ಕಥೆ ಎಲ್ಲ ಮನೆಯಲ್ಲೂ ಹೆಚ್ಚುಕಮ್ಮಿ ಒಂದೇ. ಬಲ ಭುಜ ಹಿಡಿದುಕೊಂಡಿತು, ಒಂದೂವರೆ ವರ್ಷ ಎಣ್ಣೆ ತಿಕ್ಕಿಸಿದರು. ಒಗ್ಗರಣೆ ಸೀದರೂ ವಾಸನೆ ಗೊತ್ತಾಗಲಿಲ್ಲ, ನೆಗಡಿ ಅಂದರು. ನಡೆಯುವಾಗ ಒಂದು ಕೈ ಬೀಸುವುದು ನಿಂತಿತ್ತು, ಅದನ್ನು ಯಾರೂ ಗಮನಿಸಲಿಲ್ಲ. ಬೆರಳು ನಡುಗಿದಾಗ 'ವಯಸ್ಸಾಯ್ತಲ್ಲ' ಅಂದರು. ಕೊನೆಗೆ ಬ್ಯಾಂಕಿನಿಂದ ಚೆಕ್ ವಾಪಸ್ ಬಂತು, ಸಹಿ ತಾಳೆಯಾಗುತ್ತಿಲ್ಲ ಅಂತ. ಕಡಲೆಯಷ್ಟಿದ್ದ ಅಕ್ಷರ ಸಾಸಿವೆಯಷ್ಟಾಗಿತ್ತು. ಜೀವಮಾನವೆಲ್ಲ ಬೇರೆಯವರ ಸಹಿ ತಾಳೆ ನೋಡಿದ ಮನುಷ್ಯ! ಆ ಚೆಕ್ ಜೇಬಿನಲ್ಲಿಟ್ಟುಕೊಂಡೇ ನರರೋಗ ತಜ್ಞರ ಹತ್ತಿರ ಹೋದರು. ಡಾಕ್ಟರು ಕೈ ನೋಡುವ ಮೊದಲು ಚೆಕ್ ನೋಡಿದರಂತೆ.

ಮೂರನೇ ಸಲ ಮೂವರೂ ಬಂದರು. ಗಂಡ, ಹೆಂಡತಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು. ನನ್ನ ಕೋಣೆಯ ಬಾಗಿಲು ಕಿರಿದು. ಅಂಗಳದಲ್ಲಿ ಸರಿಯಾಗೇ ನಡೆದು ಬಂದ ಸೆಕ್ರೆಟರಿ ಬಾಗಿಲ ಮುಂದೆ ನಿಂತೇಬಿಟ್ಟರು. ಪಾದ ನೆಲಕ್ಕೆ ಅಂಟಿದ ಹಾಗೆ. ಹೆಂಡತಿ ಒಳಗಿನಿಂದ ಕೈ ಹಿಡಿದು ಎಳೆದರು, "ಬನ್ನಿ, ಬನ್ನಿ, ಮೇಡಂ ಕಾಯ್ತಿದ್ದಾರೆ." ಎಳೆದಷ್ಟೂ ಮೈ ಮುಂದಕ್ಕೆ ವಾಲಿತು, ಕಾಲು ಏಳಲಿಲ್ಲ. ಮಗಳು ಅಮ್ಮನ ಕೈ ಬಿಡಿಸಿದಳು. ಮಡಚಿದ ಕೊಡೆಯನ್ನು ಅಪ್ಪನ ಪಾದದ ಮುಂದೆ ಅಡ್ಡ ಇಟ್ಟು, "ಅಪ್ಪ, ಕೊಡೆ ದಾಟು" ಅಂದಳು. ಅವರು ಕೊಡೆ ನೋಡಿದರು. ಕಾಲೆತ್ತಿ ದಾಟಿದರು. ಅದೇ ಓಘದಲ್ಲಿ ಬಾಗಿಲೂ ದಾಟಿ ಬಂದು ಕೂತರು. ಕೊಡೆಯಿಂದ ಇಳಿದ ಮಳೆನೀರು ಹೊಸ್ತಿಲ ಹತ್ತಿರ ಒಂದು ಗೆರೆ ಎಳೆದಿತ್ತು.

ಇದು ಗೊತ್ತಿಲ್ಲದವರಿಗೆ ಮಾಟದ ಹಾಗೆ ಕಾಣುತ್ತದೆ. ತಾನಾಗಿ ಏಳದ ಕಾಲು, ಕಣ್ಣಿಗೆ ದಾಟುವುದಕ್ಕೆ ಒಂದು ಗೆರೆ ಸಿಕ್ಕರೆ ಎಷ್ಟೋ ಸಲ ಏಳುತ್ತದೆ. ಬಾಗಿಲ ಹತ್ತಿರ ನೆಲಕ್ಕೆ ಬಣ್ಣದ ಟೇಪ್ ಅಂಟಿಸಬಹುದು. ಒಂದು, ಎರಡು ಅಂತ ಎಣಿಸಬಹುದು. ಎಳೆಯುವುದು, ಹಿಂದಿನಿಂದ ದಬ್ಬುವುದು, ಅವಸರ ಮಾಡುವುದು ಬೇಡ. ಬಿದ್ದು ಸೊಂಟ ಮುರಿದುಕೊಳ್ಳುವುದು ಅಲ್ಲೇ.

ಮುಂದಿನ ಭಾನುವಾರ ಗಂಡಿನ ಕಡೆಯವರು ಹೆಣ್ಣು ನೋಡಲು ಬರುವವರಿದ್ದರು. ಅಮ್ಮ ತಮ್ಮ ಏರ್ಪಾಡನ್ನು ವಿವರಿಸಿದರು. "ಅವರು ಬರೋದಕ್ಕೆ ಅರ್ಧ ಗಂಟೆ ಮೊದಲೇ ಇವರನ್ನ ಕುರ್ಚಿ ಮೇಲೆ ಕೂರಿಸಿಬಿಡ್ತೀವಿ, ನಡೆಯೋದು ಕಾಣಲ್ಲ. ಬಲಗೈ ಶಾಲಿನ ಒಳಗೆ. ಮಾತು ಮೆಲ್ಲಗೆ ಬರುತ್ತೆ, ಗಂಟಲು ಕಟ್ಟಿದೆ ಅಂತೀವಿ. ಕಾಫಿ ಲೋಟ ಹಿಡಿಯೋದೇ ಬೇಡ, ಇವತ್ತು ಏಕಾದಶಿ ಅಂದ್ರಾಯ್ತು."

"ಭಾನುವಾರ ಏಕಾದಶಿ ಇಲ್ಲಮ್ಮ" ಅಂದಳು ಮಗಳು. "ಹುಡುಗನ ಅಜ್ಜಿಗೆ ಪಂಚಾಂಗ ಬಾಯಿಪಾಠ."

ನಗು ಬಂತು, ನಕ್ಕೆವು. ಆದರೆ ಅಮ್ಮ ಮುಂದೆ ಹೇಳಿದ್ದು ನಗುವ ವಿಷಯ ಆಗಿರಲಿಲ್ಲ. ಅವತ್ತು ಕೈ ನಡುಗದೆ ನಿಲ್ಲಲಿ ಅಂತ ಮಾತ್ರೆ ಅರ್ಧ ಜಾಸ್ತಿ ಕೊಡುವುದು ಅಂತ ತೀರ್ಮಾನ ಆಗಿತ್ತು. ಹಿಂದೆ ಒಂದು ಉಪನಯನದ ದಿನವೂ ಹಾಗೇ ಮಾಡಿದ್ದರಂತೆ. ಅವತ್ತು ನಡುಕ ನಿಂತಿತು. ಬದಲಿಗೆ ಮೈ ತೊನೆಯಲು ಶುರುವಾಯಿತು. ಕತ್ತು, ಭುಜ ತಾವಾಗಿಯೇ ಹೊರಳುತ್ತಿದ್ದವು. ಪಂಕ್ತಿಯಲ್ಲಿ ಕೂತಾಗ ಸಾರು ಎಲೆ ದಾಟಿ ಪಕ್ಕದವರ ಪಂಚೆಗೆ ಹೋಯಿತು. ಬಡಿಸುತ್ತಿದ್ದ ಹುಡುಗರಲ್ಲಿ ಯಾರೋ "ಬೆಳಿಗ್ಗೇನೇ ಹಾಕ್ಕೊಂಡು ಬಂದಿದ್ದಾರೆ" ಅಂದರು. ಜನ್ಮದಲ್ಲಿ ಕುಡಿಯದ ಮನುಷ್ಯ. ಅವತ್ತಿನಿಂದ ಯಾರ ಮನೆ ಊಟಕ್ಕೂ ಹೋಗಿಲ್ಲ.

ಇಷ್ಟು ಹೊತ್ತೂ ಅವರ ಪರವಾಗಿ ಹೆಂಡತಿ, ಮಗಳು ಮಾತಾಡುತ್ತಿದ್ದರು. ನಾನು ಅವರನ್ನೇ ಕೇಳಿದೆ, "ಸೆಕ್ರೆಟರಿಯವರೇ, ಭಾನುವಾರ ಏನಾಗಬೇಕು ಅಂತ ನಿಮಗೆ?"

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಈ ಕಾಯಿಲೆ ಮುಖದ ಭಾವ ತೋರಿಸುವ ಸ್ನಾಯುಗಳನ್ನೂ ಬಿಗಿಮಾಡುತ್ತದೆ, ಹಾಗಾಗಿ ಕೇಳಿಸಿತೋ ಇಲ್ಲವೋ ಅಂತ ಅನುಮಾನ ಬರುತ್ತದೆ. ಹೆಂಡತಿ ಬಾಯಿ ತೆರೆದರು. ನಾನು ಕೈ ತೋರಿಸಿ ತಡೆದೆ. ಹೊರಗೆ ಯಾರೋ ಗ್ಯಾಸ್ ಸಿಲಿಂಡರ್ ಇಳಿಸುತ್ತಿದ್ದರು. ಗಡಿಯಾರ ನೋಡಬಾರದು ಅಂದುಕೊಂಡರೂ ನೋಡಿದೆ. ಒಂದು ನಿಮಿಷಕ್ಕೆ ಹತ್ತಿರ ಹತ್ತಿರ. ಆಮೇಲೆ ದನಿ ಬಂತು. ಸಣ್ಣ ದನಿ, ಏರಿಳಿತ ಇಲ್ಲ. ಮೂವರೂ ಬಾಗಿ ಕೇಳಿದೆವು.

"ಮೂವತ್ತೊಂದು ವರ್ಷ ಆಡಿಟ್ ಎದುರಿಸಿದ್ದೀನಿ. ಕಮ್ಮಿ ಬಿದ್ದದ್ದನ್ನ ನಾವೇ ಮೊದಲು ಹೇಳಿದ್ರೆ ಒಂದು ಷರಾ ಬರೀತಾರೆ. ಅವರೇ ಹುಡುಕಿ ತೆಗೆದ್ರೆ ಕೇಸು."

ಷರಾ ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಲೆಕ್ಕದ ಪುಸ್ತಕದ ಕೊನೇ ಅಂಕಣ, ಟಿಪ್ಪಣಿ ಬರೆಯುವ ಜಾಗ.

ಅಮ್ಮ ಅತ್ತುಬಿಟ್ಟರು. "ನಿಮಗೆ ಎಲ್ಲಾ ಲೆಕ್ಕವೇ. ಹುಡುಗಿ ಮನೇಲೇ ಉಳಿದ್ರೆ ಯಾವ ಅಂಕಣದಲ್ಲಿ ಬರೀತೀರಿ?" ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಮಗಳು ಕೊಟ್ಟಳು. "ಮದುವೆ ಆದ ಮೇಲೆ ಹಬ್ಬಕ್ಕೆಲ್ಲ ಅವರು ಇಲ್ಲಿಗೆ ಬರ್ತಾರಲ್ಲಮ್ಮ. ಪ್ರತಿ ಸಲ ಅಪ್ಪಂಗೆ ಶಾಲು ಹೊದಿಸ್ತೀಯಾ? ಯುಗಾದಿ ಸೆಕೇಲೂ?"

ಆಪ್ತಸಲಹೆಯ ತರಬೇತಿಯಲ್ಲಿ ನಮಗೆ ಹೇಳಿಕೊಡುವುದು, ನೀವು ತೀರ್ಪು ಕೊಡಬೇಡಿ, ಬಂದವರೇ ದಾರಿ ಕಂಡುಕೊಳ್ಳಲಿ ಅಂತ. ಸಾಮಾನ್ಯವಾಗಿ ಹಾಗೇ ನಡೆದುಕೊಳ್ಳುತ್ತೇನೆ. ಅವತ್ತು ನಡೆದುಕೊಳ್ಳಲಿಲ್ಲ. ನೇರವಾಗಿ ಹೇಳಿದೆ. ಮಾತ್ರೆ ಒಂದು ಚೂರೂ ಜಾಸ್ತಿ ಬೇಡ, ಕಮ್ಮಿಯೂ ಬೇಡ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಉಪನಯನದ ದಿನ ಆದದ್ದನ್ನು ಹೇಳಿ. ಭಾನುವಾರಕ್ಕೆ ಮೊದಲೇ ಗಂಡಿನ ಕಡೆಯವರಿಗೆ ವಿಷಯ ತಿಳಿಸಿ. ಮಧ್ಯಸ್ಥರ ಬಾಯಲ್ಲಿ ಬೇಡ, ಸೆಕ್ರೆಟರಿಯವರೇ ತಿಳಿಸಲಿ, ಫೋನಿನಲ್ಲಿ ದನಿ ಕೇಳುವುದಿಲ್ಲ ಅಂತಿದ್ದರೆ ಬರೆದು ಕಳಿಸಲಿ. ಆಮೇಲೆ ಊರಿನಲ್ಲಿ ನಾಲ್ಕು ಜನ ಆರಿಸಿಕೊಳ್ಳಿ. ಪಕ್ಕದ ಮನೆಯವರು, ದಿನಸಿ ಅಂಗಡಿಯವರು, ಬ್ಯಾಂಕಿನ ಮ್ಯಾನೇಜರು, ಊರಿನ ಊಟಗಳಲ್ಲಿ ಬಡಿಸಲು ನಿಲ್ಲುವವರಲ್ಲಿ ಒಬ್ಬರು. ಅವರಿಗೆ ಕಾಯಿಲೆ ಹೆಸರು ಹೇಳಿ.

ನಾಲ್ಕೇ ಯಾಕೆ ಅಂತ ಮಗಳು ಕೇಳಿದಳು. ನಾಲ್ವರಿಗೆ ಹೇಳಿದರೆ ಊರಿಗೇ ಹೇಳಿದ ಹಾಗೆ, ಆದರೆ ಊರಿಗೇ ಹೇಳಿ ಅಂದರೆ ಯಾರಿಗೂ ಹೇಳುವುದಿಲ್ಲ.

ಬೀಗರ ಕಡೆಯಿಂದ ಮೊದಲು ಬರುವ ಪ್ರಶ್ನೆ, ಇದು ವಂಶದಲ್ಲಿ ಬರುತ್ತದಾ ಅಂತ. ಅದಕ್ಕೂ ತಯಾರಿ ಮಾಡಿಸಿದೆ. ಹೆಚ್ಚಿನವರಿಗೆ ಇದು ವಂಶದಿಂದ ಬಂದದ್ದಲ್ಲ. ನೂರು ಜನ ರೋಗಿಗಳಲ್ಲಿ ಹತ್ತು ಹದಿನೈದು ಜನರ ಮನೆಯಲ್ಲಿ ಇನ್ನೊಬ್ಬರಿಗೆ ಇರಬಹುದು, ಉಳಿದವರ ಮನೆಯಲ್ಲಿ ಇರುವುದಿಲ್ಲ. ಮುಟ್ಟಿದರೆ ಅಂಟುವುದಿಲ್ಲ, ಶಾಪವೂ ಅಲ್ಲ. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸವೆಯುವುದರಿಂದ ಚಲನೆ ನಿಧಾನವಾಗುತ್ತದೆ. ಸವೆತ ನಿಲ್ಲಿಸುವ ಮದ್ದು ಇನ್ನೂ ಬಂದಿಲ್ಲ, ಚಲನೆ ಸುಧಾರಿಸುವ ಮದ್ದು ಇದೆ. ಇಷ್ಟನ್ನು ಸೆಕ್ರೆಟರಿ ಒಂದು ಪುಟದಲ್ಲಿ ಬರೆದರು, ಮಗಳು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು.

ಸಂಬಂಧ ಮುರಿಯಿತು. ಮಧ್ಯಸ್ಥರು ಶನಿವಾರ ಫೋನ್ ಮಾಡಿ, ಜಾತಕ ಕೂಡಿಬರಲಿಲ್ಲ ಅಂದರಂತೆ. ಅದೇ ಜಾತಕ ಹದಿನೈದು ದಿನದ ಹಿಂದೆ ಕೂಡಿತ್ತು.

ಸೋಮವಾರ ಹುಡುಗಿಯ ಸೋದರಮಾವ ನನಗೆ ಫೋನ್ ಮಾಡಿದರು. "ನಿಮ್ಮದು ಮನೆ ಕಟ್ಟೋ ಕೆಲಸವೋ ಮುರಿಯೋ ಕೆಲಸವೋ? ನಮ್ಮ ಸೀಮೇಲೇ ಯಾರಿಗೂ ಇಲ್ಲದ ಕಾಯಿಲೆ. ಅದನ್ನ ಡಂಗುರ ಹೊಡೆಸಿದ್ರಿ." ಹತ್ತು ನಿಮಿಷ ಬೈದರು. ನಾನು ಸುಮ್ಮನೆ ಕೇಳಿಸಿಕೊಂಡೆ. ಸೆಕ್ರೆಟರಿಯ ಊರಿನಲ್ಲೇ, ಅವರ ಮನೆಯಿಂದ ಎರಡು ಕಿಲೋಮೀಟರ್ ಒಳಗೆ, ಅದೇ ಕಾಯಿಲೆಯ ಇನ್ನೂ ಮೂರು ಮನೆ ನನಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ. ಅವರೂ ನನ್ನ ಹತ್ತಿರ ಬಂದವರೇ, ಯಾರಿಗೂ ಹೇಳಬೇಡಿ ಅಂದವರೇ. ನಾಲ್ಕು ಮನೆಯೂ ತಾವೊಬ್ಬರೇ ಅಂದುಕೊಂಡಿದ್ದವು. ಒಬ್ಬರು ಸೆಕ್ರೆಟರಿ ಮನೆಗೆ ಪೇಪರ್ ಓದಲು ಬರುತ್ತಿದ್ದವರು, ಕೈ ಜೇಬಿನಲ್ಲಿಟ್ಟುಕೊಂಡು.

ಅವತ್ತು ರಾತ್ರಿ ನಿದ್ದೆ ಬಾರದ ಸರದಿ ನನ್ನದು. ಸಲಹೆ ತಪ್ಪಾಯಿತಾ? ಈಗಲೂ ಅನಿಸುವುದು, ಕೊಟ್ಟ ವೇಗ ತಪ್ಪಿರಬಹುದು. ಎರಡು ಮೂರು ಭೇಟಿ ತಗೊಂಡು ಅಮ್ಮನನ್ನು ಒಪ್ಪಿಸಬೇಕಿತ್ತು. ಆಕೆಯ ಹೆದರಿಕೆ ಹುಸಿಯಲ್ಲ ಅಂತ ಆ ಶನಿವಾರವೇ ತೋರಿಸಿತಲ್ಲ. ಆದರೆ ಹೇಳಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಬಚ್ಚಿಡುವ ಮನೆಗಳಲ್ಲಿ ಏನಾಗುತ್ತದೆ ಅಂತ ನೋಡಿದ್ದೇನೆ. ವಾಕಿಂಗ್ ನಿಲ್ಲುತ್ತದೆ, ಯಾರಾದರೂ ನೋಡಿಯಾರು ಅಂತ. ವ್ಯಾಯಾಮ ನಿಂತರೆ ಮೈ ಇನ್ನೂ ಬಿಗಿಯುತ್ತದೆ. ಮಾತು ನಿಂತರೆ ದನಿ ಇನ್ನೂ ಇಂಗುತ್ತದೆ. ಖಿನ್ನತೆ ಈ ಕಾಯಿಲೆಯ ಭಾಗವಾಗಿಯೇ ಬರುತ್ತದೆ, ಒಳಕೋಣೆ ಅದಕ್ಕೆ ನೀರೆರೆಯುತ್ತದೆ. ನೋಡಿಕೊಳ್ಳುವವರಂತೂ ರೋಗಿಗಿಂತ ಮೊದಲು ಕುಸಿಯುತ್ತಾರೆ.

'ಯಾರಿಗೂ ಇಲ್ಲದ ಕಾಯಿಲೆ' ಅನ್ನುವ ಆ ಮಾತಿಗೆ ಅವತ್ತು ಕೊಡದ ಉತ್ತರ ಇಲ್ಲಿ ಕೊಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಪಾರ್ಕಿನ್ಸನ್ ಇತ್ತು. 25 ವರ್ಷದಲ್ಲಿ ಸಂಖ್ಯೆ ಎರಡು ಪಟ್ಟಾಗಿದೆ. ಭಾರತದಲ್ಲಿ 2016ಕ್ಕೆ ಸುಮಾರು 5.8 ಲಕ್ಷ ಅಂತ ಅಂದಾಜು. ಮನೆ ಮನೆ ತಿರುಗಿ ಎಣಿಸಿದ್ದೂ ಇದೆ. ಮುಂಬೈಯ ಪಾರ್ಸಿ ಸಮುದಾಯದಲ್ಲಿ ಎಣಿಸಿ 1988ರಲ್ಲಿ ಪ್ರಕಟಿಸಿದಾಗ ಲಕ್ಷಕ್ಕೆ 328 ಬಂತು. ನಮ್ಮ ಬೆಂಗಳೂರು ಜಿಲ್ಲೆಯ ಹಳ್ಳಿ ಪೇಟೆಗಳಲ್ಲಿ ನಿಮ್ಹಾನ್ಸ್‌ನವರು ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು, ಅದರಲ್ಲಿ ಲಕ್ಷಕ್ಕೆ ಐವತ್ತೂ ದಾಟಲಿಲ್ಲ. ಪಾರ್ಸಿಗಳಲ್ಲಿ ವಯಸ್ಸಾದವರ ಪ್ರಮಾಣ ಜಾಸ್ತಿ, ಇದು ಹೆಚ್ಚಾಗಿ ಅರವತ್ತರ ಆಸುಪಾಸಿನಲ್ಲಿ ಶುರುವಾಗುವ ಕಾಯಿಲೆ, ಹಾಗಾಗಿ ಆ ಅಂತರದ ದೊಡ್ಡ ಪಾಲಿಗೆ ಅದೇ ಕಾರಣ. ಆದರೆ ಸಮೀಕ್ಷೆಯವರು ಬಾಗಿಲು ತಟ್ಟಿದಾಗ ನಮ್ಮ ಅಮ್ಮನಂಥವರು ಏನು ಹೇಳಿರುತ್ತಾರೆ? "ವಯಸ್ಸಾಯ್ತಲ್ಲ, ವಾಯು" ಅಂದಿರುತ್ತಾರೆ. ಇದು ನನ್ನ ಅನಿಸಿಕೆ, ವಿಜ್ಞಾನ ಅಲ್ಲ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದದ್ದು ಆರೇ ಆರು ಜನರನ್ನು ನೋಡಿ. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡದ್ದಷ್ಟೇ. ಅದೇ ಮನುಷ್ಯ ಇವತ್ತು ಈ ಊರಿನ ಬೀದಿಯಲ್ಲಿ ಓಡಾಡಿದ್ದರೆ ಒಬ್ಬರೂ ಸಿಗುತ್ತಿರಲಿಲ್ಲ.

ಆ ಬೈಗುಳದ ನಂತರ ಒಂದು ಕೆಲಸ ಮಾಡಿದೆ. ಉಳಿದ ಮೂರು ಮನೆಯವರನ್ನು ಬೇರೆ ಬೇರೆಯಾಗಿ ಕೇಳಿದೆ, ನಿಮ್ಮಂಥವರು ಇನ್ನೊಬ್ಬರಿದ್ದರೆ ಭೇಟಿಯಾಗುತ್ತೀರಾ ಅಂತ. ಒಪ್ಪಲು ನಾಲ್ಕು ತಿಂಗಳು ಹಿಡಿಯಿತು. ಮುಂಬೈಯಲ್ಲಿ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ 2001ರಿಂದ ಇಂಥ ಗುಂಪುಗಳನ್ನು ನಡೆಸುತ್ತಿದೆ. ಪುಣೆಯಲ್ಲಿ ಒಂದು ಮಿತ್ರಮಂಡಳ ಇದೆ. ಬೆಂಗಳೂರಿನಲ್ಲೂ ಗುಂಪುಗಳಿವೆ. ನಮ್ಮಂಥ ಊರಿಗೆ ಅಷ್ಟು ದೊಡ್ಡ ಹೆಸರು ಬೇಡ, ತಿಂಗಳಿಗೊಂದು ಶನಿವಾರ, ಒಂದು ಹಜಾರ, ಕೈಹಿಡಿ ಇರುವ ಕುರ್ಚಿ ಸಾಕು. ಗುಂಡಗಿನ ಪ್ಲಾಸ್ಟಿಕ್ ಸ್ಟೂಲ್ ಬೇಡವೇ ಬೇಡ, ಎದ್ದೇಳಲು ಹಿಡಿತ ಸಿಗುವುದಿಲ್ಲ.

ಮೊದಲ ಸಲ ಪೇಪರ್ ಓದುವವರು ಒಳಗೆ ಬಂದು ಸೆಕ್ರೆಟರಿಯನ್ನು ನೋಡಿದರು. ಜೇಬಿನಿಂದ ಕೈ ತೆಗೆದರು. ಇಬ್ಬರೂ ಏನೂ ಮಾತಾಡಲಿಲ್ಲ. ಹೆಂಡತಿಯರು ಅಡುಗೆಮನೆಯಲ್ಲಿ ಎರಡು ಗಂಟೆ ಮಾತಾಡಿದರು.

ಈ ಗುಂಪಿನಿಂದ ನಾನು ಕಲಿತದ್ದು ಜಾಸ್ತಿ. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ತಗೊಳ್ಳಿ ಅಂತ ಡಾಕ್ಟರು ಹೇಳಿದ್ದು ಯಾಕೆ ಅಂತ ಅಲ್ಲೇ ಎಲ್ಲರಿಗೂ ತಿಳಿದದ್ದು. ಬೇಳೆ, ಮೊಸರಿನ ಪ್ರೋಟೀನ್ ಕೆಲವರಲ್ಲಿ ಆ ಮಾತ್ರೆ ಮೈಗೆ ಹತ್ತುವುದಕ್ಕೆ ಅಡ್ಡ ಬರುತ್ತದೆ. ಮದುವೆ ಮನೆಯಲ್ಲಿ ಊಟ ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿಕೊಳ್ಳುವುದು, ಪಂಕ್ತಿಯ ತುದಿಯಲ್ಲಿ ಕೂರುವುದು, ಸಾರನ್ನು ಎಲೆಗೆ ಬಿಡಿಸಿಕೊಳ್ಳದೆ ಬಟ್ಟಲಿಗೆ ಹಾಕಿಸಿಕೊಳ್ಳುವುದು, ಎಲ್ಲ ಅವರವರೇ ಹೇಳಿಕೊಂಡದ್ದು. ಒಬ್ಬರು ಅಂಗಿಗೆ ಗುಂಡಿ ತೆಗೆಸಿ ಟಿಚ್ ಬಟನ್ ಹಾಕಿಸಿದ್ದರು. ದನಿಗೆ ಮದ್ದಾಗಿ ಸರದಿಯಲ್ಲಿ ಪೇಪರನ್ನು ಗಟ್ಟಿಯಾಗಿ, ಪಕ್ಕದ ಮನೆಗೆ ಕೇಳುವ ಹಾಗೆ ಓದುತ್ತಾರೆ.

ಬ್ಯಾಂಕಿನ ವಿಷಯಕ್ಕೆ ಸೆಕ್ರೆಟರಿಯೇ ಗುರು. ಸಹಿ ಬದಲಾದರೆ ಹೊಸ ಮಾದರಿ ಸಹಿ ಕೊಡಬಹುದು, ಸಹಿಯೇ ಆಗದಿದ್ದರೆ ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಬಹುದು, ಇದಕ್ಕೆ ರಿಸರ್ವ್ ಬ್ಯಾಂಕಿನ ಸೂಚನೆ ಇದೆ ಅಂತ ಎಲ್ಲರಿಗೂ ಪಾಠ ಮಾಡಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಯಲ್ಲಿ ಪಾರ್ಕಿನ್ಸನ್ ಕೂಡ ಇದೆ, ಗುರುತಿನ ಚೀಟಿಗೆ ಅರ್ಜಿ ಹಾಕಬಹುದು. "ಅಂಗವಿಕಲ ಅಂತ ಬರೆಸಿಕೊಳ್ಳೋದಾ?" ಅಂದರು ಒಬ್ಬರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಮಗಳ ಮದುವೆ ಇನ್ನೂ ಆಗಿಲ್ಲ. ಆಯಿತು ಅಂತ ಬರೆಯುವ ಹಾಗಿದ್ದರೆ ನನಗೂ ಸುಲಭವಾಗುತ್ತಿತ್ತು. ಒಂದು ಸಂಬಂಧ ಬಂದಿದೆ, ವಿಷಯ ತಿಳಿದೇ ಬಂದಿದ್ದಾರೆ, ಮುಂದಿನದು ಗೊತ್ತಿಲ್ಲ. ಅಮ್ಮ ನನ್ನ ಮೇಲಿನ ಸಿಟ್ಟು ಪೂರ್ತಿ ಬಿಟ್ಟಿಲ್ಲ, ಆದರೆ ಶನಿವಾರ ತಪ್ಪಿಸುವುದಿಲ್ಲ. ಈಗ ಮಂಚದ ಪಕ್ಕದಲ್ಲಿ ಇನ್ನೊಂದು ಮಂಚ ಹಾಕಿಕೊಂಡಿದ್ದಾರಂತೆ, ನಡುವೆ ಒದೆತ ತಲುಪದಷ್ಟು ಜಾಗ ಬಿಟ್ಟು.

ಗುಂಪಿನ ಹಾಜರಿ ಪುಸ್ತಕ ಬರೆಯುವುದು ಸೆಕ್ರೆಟರಿ. ದಪ್ಪ ಗೆರೆ ಹಾಕಿದ ಪುಸ್ತಕ ತಂದುಕೊಂಡಿದ್ದಾರೆ, ಗೆರೆ ಕಂಡರೆ ಅಕ್ಷರ ಅಷ್ಟು ಕುಗ್ಗುವುದಿಲ್ಲ. ಕೊನೇ ಅಂಕಣವನ್ನು ಖಾಲಿ ಬಿಡುವುದಿಲ್ಲ. ಜುಲೈ ತಿಂಗಳದ್ದು ನಾನು ಕನ್ನಡಕ ಹಾಕಿಕೊಂಡು ಓದಿದೆ. ಹಾಜರಿ 7. ಷರಾ: ಮಳೆ. ಕಾಫಿ ಚೆಲ್ಲಿದವರು ಇಬ್ಬರು, ಅದರಲ್ಲಿ ಒಬ್ಬರು ಮೇಡಂ.